ಖಾಲಾ ಮಾತ್ರೆ ನುಂಗುವ ಹೊತ್ತು

ನಮ್ಮ ಬೀದಿಯಲ್ಲಿ ಪೇಪರ್ ಹಾಕುವವನಿಗೆ ಎಂದೂ ಬರಕತ್ತಾಗಲಿಲ್ಲ. ಯಾರ ಮನೆಗೆ ಫ್ರಿಜ್ ಬಂತು, ಯಾರ ಅಳಿಯ ಮುನಿಸಿಕೊಂಡು ಊಟ ಬಿಟ್ಟ, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಯಾರು ಯಾರ ಕಾಲರ್ ಹಿಡಿದರು, ಎಲ್ಲವೂ ಪೇಪರ್ ಬರುವ ಮುಂಚೆಯೇ ಖಾಲಾ ಬಾಯಲ್ಲಿ ಅಚ್ಚಾಗಿರುತ್ತಿತ್ತು. ರಾಮನಗರದ ಆ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳೇ ಹೆಚ್ಚು. ಗೂಡು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಗೊತ್ತೇ ಆಗುವುದಿಲ್ಲ. ಖಾಲಾ ಮನೆಗೆ ಹಿಂದೆ ಒಂದು ಶೆಡ್ಡು, ಮುಂದೆ ಒಂದು ಜಗಲಿ. ಶೆಡ್ಡು ಗಂಡನದು, ಜಗಲಿ ಅವರದು. ಎದುರು ಸಾಲಿನಲ್ಲಿ ನಮ್ಮಪ್ಪನ ದಿನಸಿ ಅಂಗಡಿ, ಅಂಗಡಿಯ ಹಿಂದೆ ನಮ್ಮ ಮನೆ. ಹಾಗಾಗಿ ಖಾಲಾ ಉಸಿರೆಳೆದರೆ ನಮಗೆ ಕೇಳುತ್ತಿತ್ತು. ನಾವು ಉಸಿರೆಳೆದರೆ ಅದು ಊರಿಗೆಲ್ಲ ಕೇಳುತ್ತಿತ್ತು.

ಖಾಲಾ ಎಂದರೆ ಅವರ ಮಾತಿನಲ್ಲಿ ತಾಯಿಯ ಅಕ್ಕತಂಗಿ. ನನಗೂ ಖಾಲಾ, ನಮ್ಮಮ್ಮನಿಗೂ ಖಾಲಾ, ಹಾಲಿನವನಿಗೂ ಖಾಲಾ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರಿಗೇನೂ ಬೇಸರವಿರಲಿಲ್ಲ, ಬರೆಯದೆ ಇದ್ದುದಕ್ಕೇ ನನ್ನನ್ನು ಬೈಯುತ್ತಿದ್ದರು. ಆದರೆ ಜೀವನವಿಡೀ ತಮ್ಮ ಬಗ್ಗೆ ತಾವೇ ಹೇಳಿಕೊಂಡು ತಿರುಗಿದ ಹೆಂಗಸು, ಹೆಸರನ್ನೂ ಅವರೇ ಹೇಳಬೇಕಿತ್ತು. ಈಗ ಅವರಿಲ್ಲ. ಹೋದ ಚಳಿಗಾಲದಲ್ಲಿ, ತುಂಬಿದ ವಯಸ್ಸಿನಲ್ಲಿ, ಮಧ್ಯಾಹ್ನದ ಚಹಾ ಕುಡಿದು ಗೋಡೆಗೊರಗಿ ಕೂತವರು ಹಾಗೇ ಹೋಗಿಬಿಟ್ಟರು. ಆ ಸುದ್ದಿ ಬೀದಿಗೆ ಗೊತ್ತಾಗಲು ತುಂಬಾ ತಡವಾಯಿತು. ಸುದ್ದಿ ಹೇಳುವವರೇ ಹೋಗಿದ್ದರಲ್ಲ!

ಖಾಲಾ ಎಂದೊಡನೆ ನನಗೆ ಮೊದಲು ನೆನಪಾಗುವುದು ಅವರು ಮಾತ್ರೆ ನುಂಗುತ್ತಿದ್ದ ವೈಖರಿ. ಸಂಜೆಯ ಆಜಾನ್ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಅವರ ಊಟ ಆಗಿಬಿಡುತ್ತಿತ್ತು. ಬೇಗ ಉಂಡು ನುಂಗಿ ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಕೈಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ಜಗಲಿಗೆ ಬರುತ್ತಿದ್ದರು. ಅಂಥ ಮಾತ್ರೆಯನ್ನು ಜನ ಗೋಡೆಗೆ ಮುಖ ಮಾಡಿಕೊಂಡು ನುಂಗುತ್ತಾರೆ. ಖಾಲಾ ಅದನ್ನು ಎರಡು ಬೆರಳಲ್ಲಿ ಹಿಡಿದು, ಬೀದಿ ದೀಪದ ಬೆಳಕಿಗೆ ಒಮ್ಮೆ ತೋರಿಸಿ, "ಮಾತ್ರೆ ಟೈಮಾಯ್ತು ಕಣ್ರವ್ವಾ!" ಎಂದು ಕೂಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೀದಿಗೆ ಬಂದ ಹೊಸ ಸೊಸೆ ಯಾರಾದರೂ ಪಾಪ, ಏನಾಗಿದೆ ಎಂದು ಕೇಳಿದರೆ ಮುಗಿಯಿತು.

"ಮನ್ಸಿಗೆ ಕಣವ್ವಾ. ಬಿಪಿ ಐತೆ ಅಂದ್ರೆ ಎಲ್ರೂ ಮರ್ಯಾದೆ ಕೊಡ್ತಾರೆ, ಶುಗರ್ ಐತೆ ಅಂದ್ರೆ ಸಪ್ಪೆ ಕಾಫಿ ಮಾಡ್ಕೊಡ್ತಾರೆ. ನಂಗೆ ಮನ್ಸಿಗಾಗಿತ್ತು, ನಂಗೂ ಒಸಿ ಕಾಫಿ ಕೊಡು, ಸಕ್ರೆ ಹಾಕೇ ಕೊಡು" ಎಂದು ಆ ಸೊಸೆಯ ಮನೆಯೊಳಕ್ಕೇ ನಡೆದುಬಿಡುತ್ತಿದ್ದರು.

ಬೀದಿಯ ಹೆಂಗಸರು ಗಡಿಯಾರ ನೋಡುತ್ತಿರಲಿಲ್ಲ. "ಅಯ್ಯೋ, ಖಾಲಾ ಮಾತ್ರೆ ಆಗೋಯ್ತು, ನಾನಿನ್ನೂ ಅಕ್ಕಿ ತೊಳ್ದಿಲ್ಲ" ಎಂದು ಹರಟೆಯಿಂದ ಎದ್ದು ಓಡುತ್ತಿದ್ದರು. ಒಮ್ಮೆ ಖಾಲಾ ಚನ್ನಪಟ್ಟಣದ ತವರಿಗೆ ಮದುವೆಗೆಂದು ಹೋದಾಗ ನಮ್ಮ ಬೀದಿ ಪೂರ್ತಿ ತಡವಾಗಿ ಉಂಡಿತು. ಅಪ್ಪ ಅನ್ನಕ್ಕೆ ಕಾದು ಕಾದು, "ಆ ಖಾಲಾನ ಬೇಗ ಕರೆಸ್ರಪ್ಪ" ಎಂದು ಗೊಣಗಿದ್ದರು.

ಅವರಿಗೆ ಕಾಯಿಲೆಯಾಗಿದ್ದು ನಾನು ಚಿಕ್ಕವಳಿದ್ದಾಗ. ಬೇರೆಯವರು 'ನನ್ನ ಮದುವೆಯಾದ ವರ್ಷ', 'ಮಳೆ ಹೋದ ವರ್ಷ' ಎಂದು ಕಾಲ ಲೆಕ್ಕ ಹಾಕಿದರೆ ಖಾಲಾ 'ನಂಗೆ ತಲೆ ಕೆಟ್ಟಿತ್ತಲ್ಲ, ಅದರ ಮುಂದಿನ್ ವರ್ಷ ನಿಮ್ ಅಂಗ್ಡಿ ಶುರುವಾಗಿದ್ದು' ಎನ್ನುತ್ತಿದ್ದರು. ನಗಿಸಲು ಹೇಳುತ್ತಿದ್ದರೇ ಹೊರತು ಅನುಭವಿಸಿದ್ದು ನಗುವಂಥದ್ದಾಗಿರಲಿಲ್ಲ. ತಿಂಗಳುಗಟ್ಟಲೆ ತಲೆ ಬಾಚಿರಲಿಲ್ಲ, ಮಕ್ಕಳ ಮುಖ ನೋಡಿರಲಿಲ್ಲ. ಶೆಡ್ಡಿನಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ಕೂತರೆ ಗೂಡಿನಿಂದ ಎಳೆ ಹಿಡಿಯಲಾಗದೆ ಸುಮ್ಮನೆ ಅಳುತ್ತಿದ್ದರಂತೆ. ಯಾರೋ ಮಾಟ ಎಂದರು, ಯಾರೋ ಗಾಳಿ ಎಂದರು. ಗಂಡ, ಮಾತೇ ಆಡದ ಮನುಷ್ಯ, ದರ್ಗಾಗಳನ್ನೆಲ್ಲ ಸುತ್ತಿಸಿ ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆ, ಮಾತು, ಮತ್ತೆ ಮಾತ್ರೆ ಎಂದು ನಿಧಾನವಾಗಿ ಎದ್ದು ಕೂತರು. "ಎಳೆ ಸಿಕ್ಕಿಲ್ಲ ಅಂತ ಗೂಡು ಬಿಸಾಕ್ತಾರೇನವ್ವಾ? ಇನ್ನೊಂದ್ ಕಿತ ಬಿಸಿ ನೀರಿಗೆ ಹಾಕ್ತಾರೆ. ನನ್ನೂ ಹಂಗೇ ಹಾಕಿದ್ರು" ಎಂದು ಅವರು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ವಾಸಿಯಾಗಿ ಜಗಲಿಗೆ ಮರಳಿದರೆ, ಅಲ್ಲಿ ಹೆಂಗಸರು ಅವರನ್ನು ಕಂಡು ಮಾತು ನಿಲ್ಲಿಸತೊಡಗಿದ್ದರು. ಖಾಲಾಗೆ ಅಳು ಬರಲಿಲ್ಲ, ಉರಿದುಹೋಯಿತು. "ಗುಸುಗುಸು ಮಾಡೋದು ನನ್ ಕೆಲ್ಸ. ನನ್ ಬೀದೀಲಿ, ನನ್ ಬಗ್ಗೆ, ನನ್ನೇ ಬುಟ್ಟು ಗುಸುಗುಸು ಮಾಡ್ತಾರಾ?" ಎಂದು ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿ ಜಗಲಿಯಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ತಾವೇ ಹೇಳಿದರಂತೆ. ಒಂದಿಷ್ಟು ಉಪ್ಪುಖಾರವನ್ನೂ ಸೇರಿಸಿರಬೇಕು. ಕಥೆ ಮುಗಿಯುವ ಹೊತ್ತಿಗೆ ಗುಸುಗುಸು ಮಾಡಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ.

ಮಗಳಿಗೆ ಗಂಡು ನೋಡುವಾಗಲೂ ಇದೇ ಕಥೆ. ಕನಕಪುರದಿಂದ ಬಂದವರ ಮುಂದೆ ಸಮೋಸ ಇಟ್ಟು, ಅವರು ಕೈ ಹಾಕುವ ಮುಂಚೆಯೇ, "ಮೊದ್ಲು ಕೇಳ್ಬುಡಿ, ಆಮೇಲೆ ತಿನ್ನಿ. ನಾನು ಮನ್ಸಿನ ಡಾಕ್ಟ್ರ ಹತ್ರ ಮಾತ್ರೆ ತಗೋತೀನಿ" ಎಂದರು. ಅವರು ತಿನ್ನಲಿಲ್ಲ, ಎದ್ದು ಹೋದರು. ಖಾಲಾ ಗಂಡ ತಲೆ ತಗ್ಗಿಸಿ ಶೆಡ್ಡಿಗೆ ನಡೆದರು. ಅವತ್ತು ಖಾಲಾ ಅತ್ತದ್ದೂ ಹೌದು, ನಮ್ಮಮ್ಮ ಹೋಗಿ ಪಕ್ಕದಲ್ಲಿ ಕೂತು ಬಂದರು. ಆಮೇಲೆ ಮಾಗಡಿಯಿಂದ ಇನ್ನೊಂದು ಕಡೆಯವರು ಬಂದರು. ಮತ್ತದೇ ಸಮೋಸ, ಮತ್ತದೇ ಮಾತು. ಗಂಡಿನ ತಾಯಿ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದು, ಖಾಲಾ ಕಿವಿಯಲ್ಲಿ, "ಯಾವ ಡಾಕ್ಟ್ರು? ನಂಗೂ ಎಷ್ಟೋ ದಿನದಿಂದ ನಿದ್ದೆ ಇಲ್ಲ, ಸುಮ್ ಸುಮ್ನೆ ಎದೆ ಹೊಡ್ಕೊಳ್ತೈತೆ" ಎಂದರಂತೆ. ಆ ಮದುವೆಯಲ್ಲಿ ಬೀಗಿತ್ತಿಯರಿಬ್ಬರೂ ಒಂದೇ ಹೊತ್ತಿಗೆ ಮಾತ್ರೆ ನುಂಗಿದ್ದನ್ನು ನಾವೆಲ್ಲ ನೋಡಿದ್ದೇವೆ.

ಇಷ್ಟೆಲ್ಲ ನೋಡಿಯೂ ಅಂಥ ಕಾಯಿಲೆ ನಮ್ಮ ಮನೆಗೇ ಬಂದಾಗ ನಾವು ಬಾಗಿಲು ಹಾಕಿಕೊಂಡೆವು.

ನನ್ನ ತಮ್ಮ ಮಾದೇಶ ಓದು ಮುಗಿಸಿ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ. ಚೆನ್ನಾಗಿ ಮಾತನಾಡುವ ಹುಡುಗ, ಬರಬರುತ್ತಾ ಒಳಮನೆ ಸೇರಿದ. ಬೀದಿಯವರೆಲ್ಲ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎನ್ನುತ್ತಿದ್ದ. ಖಾಲಾ ಇರುವ ಬೀದಿಯಲ್ಲಿ ಇದೊಂದು ಕಾಯಿಲೆ ಎಂದು ಗುರುತಿಸಲು ಯಾರಿಗಾದರೂ ತಡವಾಗುತ್ತದೆ. ಆದರೆ ಯಾರೂ ಇಲ್ಲದಾಗಲೂ ಅವನಿಗೆ ಮಾತು ಕೇಳಿಸುತ್ತಿತ್ತು. ಕಿಟಕಿಗೆ ರಟ್ಟು ಹೊಡೆದ. ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದು ತಟ್ಟೆ ತಳ್ಳಿದ. ನಾನು ಬಿಡದಿಯಲ್ಲಿ ಟೀಚರ್. ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಚನ್ನಪಟ್ಟಣದ ಆಸ್ಪತ್ರೆಗೆ ತಿಂಗಳಿಗೊಂದು ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ಕರೆದುಕೊಂಡು ಹೋಗಿ ಎಂದರು. ರಾಮನಗರದಲ್ಲೂ ಡಾಕ್ಟರಿದ್ದರು, ಆದರೆ ಅಮ್ಮ ಒಪ್ಪಲಿಲ್ಲ. ಊರಲ್ಲಿ ಯಾರಾದರೂ ನೋಡಿಬಿಟ್ಟರೆ? ಆ ಪ್ರಶ್ನೆಯಲ್ಲಿ 'ಯಾರಾದರೂ' ಎಂದರೆ ಖಾಲಾ ಎಂದೇ ಅರ್ಥ.

ಮಂಗಳವಾರ ಬೆಳಿಗ್ಗೆ ಮಗನನ್ನು ಕರೆದುಕೊಂಡು ಎಲ್ಲಿಗೆ ಹೊರಟಿರಿ ಎಂದು ಬೀದಿ ಕೇಳುತ್ತದಲ್ಲ? ಅಮ್ಮ ಅದಕ್ಕೂ ದಾರಿ ಹುಡುಕಿದರು. "ಕಬ್ಬಾಳಿಗೆ ಹೋಯ್ತಾ ಇದೀವಿ ಕಣವ್ವ, ಒಂದ್ ಹರಕೆ ಐತೆ" ಎಂದುಬಿಟ್ಟರು. ಮಂಗಳವಾರ ಕಬ್ಬಾಳಮ್ಮನ ವಾರ. ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅಮ್ಮ ಒಂದು ವಿಷಯ ಮರೆತಿದ್ದರು. ನಮ್ಮ ಕಡೆ ಯಾರಾದರೂ ಕಬ್ಬಾಳಿಗೆ ಹೊರಟರೆ ಅವರು ಒಬ್ಬರೇ ಹೋಗುವುದಿಲ್ಲ, ಇಡೀ ಬೀದಿಯ ಹರಕೆ ಅವರ ಚೀಲದಲ್ಲಿ ಹೋಗುತ್ತದೆ. ಎದುರು ಮನೆಯ ಗೌರಮ್ಮ ಮಡಿಲಕ್ಕಿ ಕಟ್ಟಿ ತಂದರು. ಅವರ ಓರಗಿತ್ತಿ ತೆಂಗಿನಕಾಯಿ, ಬಳೆ, ಕುಂಕುಮ. ಮೂಲೆಮನೆಯವರು ನಿಂಬೆಹಣ್ಣಿನ ಹಾರ. ಎಲ್ಲರೂ ಹೇಳಿದ್ದು ಒಂದೇ, "ನಮ್ ಹೆಸ್ರಲ್ಲೂ ಒಸಿ ಅಮ್ಮನ ಮಡಿಲಿಗೆ ಹಾಕ್ಬುಟ್ಟು, ಪ್ರಸಾದ ತಂದ್ಬುಡಿ."

ಡಾಕ್ಟರ ಬಳಿಗೆ ಹೋಗುವ ವಿಷಯದಲ್ಲಿ ಸುಳ್ಳು ಹೇಳಬಲ್ಲ ಅಮ್ಮ, ದೇವಿಯ ಮಡಿಲಕ್ಕಿಯ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಕಾದು, ಮಾತ್ರೆ ತೆಗೆದುಕೊಂಡು, ಅಲ್ಲಿಂದ ಸಾತನೂರಿನ ಬಸ್ಸು ಹತ್ತಿ, ಕಬ್ಬಾಳಿಗೆ ಹೋಗಿ, ಇಡೀ ಬೀದಿಯ ಹೆಸರನ್ನು ಪೂಜಾರಿಗೆ ಒಪ್ಪಿಸಿ, ಪ್ರಸಾದ ಕಟ್ಟಿಸಿಕೊಂಡು ಮರಳಬೇಕು. ಮಾತ್ರೆಯ ಮಂಪರಿನಲ್ಲಿ ಮಾದೇಶ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ, ತೆಂಗಿನಕಾಯಿಯ ಚೀಲ ಅಮ್ಮನ ತೊಡೆಯ ಮೇಲೆ. ನಾನು ಅವರಿಬ್ಬರ ನಡುವೆ ಕೂತು ನಗಲೋ ಅಳಲೋ ತಿಳಿಯದೆ ಕಿಟಕಿಯಾಚೆ ನೋಡುತ್ತಿದ್ದೆ.

ಹೀಗೆ ಕೆಲವು ಮಂಗಳವಾರಗಳಾದವು. ಒಂದು ಸಲ ಆಸ್ಪತ್ರೆಯಲ್ಲಿ ಜನವೋ ಜನ. ಸಾತನೂರಿನ ಬಸ್ಸು ತಪ್ಪುತ್ತದೆಂದು ಅಮ್ಮ ಚಡಪಡಿಸುತ್ತಿದ್ದರು. ಮಾದೇಶ ಎದ್ದು, "ನಂಗೆ ಸಾಕಾಗದೆ. ಇನ್ಮೇಲೆ ಬರಲ್ಲ. ಆಸ್ಪತ್ರೆನೂ ಬ್ಯಾಡ, ಮಾತ್ರೆನೂ ಬ್ಯಾಡ" ಎಂದ. ಅವನಿಗೆ ಆಗಷ್ಟೇ ಮಾತುಗಳು ಕೇಳಿಸುವುದು ಕಡಿಮೆಯಾಗಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಈಗ ಬಿಟ್ಟರೆ ಎಲ್ಲವೂ ಮೊದಲಿಗೇ ಬರುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ನಾನು ಅವನ ತೋಳು ಹಿಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಕಪ್ಪು ಬುರ್ಖಾ ಕಾಣಿಸಿತು, ಅದರ ಹಿಂದೆಯೇ ಆ ದನಿ. ತವರೂಟವೂ ಆಗುತ್ತದೆ, ಡಾಕ್ಟರನ್ನು ನೋಡಿದಂತೆಯೂ ಆಗುತ್ತದೆ ಎಂದು ಖಾಲಾ ಮೊದಲಿನಿಂದಲೂ ಕೆಲವು ತಿಂಗಳಿಗೊಮ್ಮೆ ಬರುತ್ತಿದ್ದುದು ಚನ್ನಪಟ್ಟಣಕ್ಕೇ. ಅವರು ಎಷ್ಟು ಕಥೆ ಹೇಳಿದರೂ ಆಸ್ಪತ್ರೆ ಯಾವ ಊರಿನದೆಂದು ನಾವು ಕೇಳಿರಲಿಲ್ಲ. ನಾವು ರಾಮನಗರದ ಕಣ್ಣು ತಪ್ಪಿಸಿ, ನೇರವಾಗಿ ಆ ಕಣ್ಣಿನ ಮುಂದೆಯೇ ಬಂದು ಕೂತಿದ್ದೆವು.

ಅಮ್ಮ ಸರಕ್ಕನೆ ಸೆರಗೆಳೆದು ಮುಖ ಮುಚ್ಚಿಕೊಂಡರು. ಖಾಲಾ ಬಂದು ಪಕ್ಕದಲ್ಲೇ ಕೂತು, ತಮ್ಮ ಮುಖದ ಬಟ್ಟೆ ಮೇಲೆತ್ತಿ, "ಮುಖ ಮುಚ್ಕೊಳೋ ಕೆಲ್ಸ ನಂದು, ನೀನ್ಯಾಕವ್ವಾ ಮುಚ್ಕೊಂಡೆ?" ಎಂದರು.

ಅಮ್ಮನಿಗೆ ಅಳು ಬಂದುಬಿಟ್ಟಿತು. ಖಾಲಾ ಅಮ್ಮನ ಕೈ ಹಿಡಿದುಕೊಂಡು, ಚೀಲದೊಳಕ್ಕೆ ಇಣುಕಿದರು. ಕಾಯಿ, ಬಳೆ, ನಿಂಬೆಹಣ್ಣಿನ ಹಾರ. ಹೊಟ್ಟೆ ಕುಲುಕಿಸಿ ನಗತೊಡಗಿದರು. "ಇಲ್ಲಿ ಸಾಲಲ್ಲಿ ಕೂತಿರೋರ್ನ ನೋಡವ್ವಾ. ಆ ಅಣ್ಣ ಮನೇಲಿ ಕೋರ್ಟಿಗೆ ಅಂತ ಹೇಳಿ ಬಂದವ್ನೆ. ಅಕ್ಕೂರಿನ ಆಯಮ್ಮ ಮದ್ವೆಗೆ ಬಂದವ್ಳೆ, ಜರಿ ಸೀರೆ ನೋಡು. ನೀವು ಕಬ್ಬಾಳಿಗೆ ಬಂದಿದೀರ. ಆಸ್ಪತ್ರೆಗೆ ಅಂತ ಬಂದಿರೋಳು ನಾನೊಬ್ಳೇ!"

ಕೋರ್ಟಿನ ಅಣ್ಣ ನಕ್ಕ. ಜರಿ ಸೀರೆಯಾಕೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಹೊರಡಲು ಎದ್ದು ನಿಂತಿದ್ದ ಮಾದೇಶ ನಕ್ಕ. ಅವನ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಅಮ್ಮ ಅಳುವುದನ್ನು ಬಿಟ್ಟು ಅವನನ್ನೇ ನೋಡುತ್ತಾ ಕೂತರು.

"ಕೂತ್ಕೊ ಬೇಟಾ" ಎಂದರು ಖಾಲಾ. "ಕಬ್ಬಾಳಮ್ಮನ ಸಾಮಾನು ನಾನು ನೋಡ್ಕೊತೀನಿ. ನಮ್ ಶೆಡ್ಡಿಗೆ ಬರೋ ಹೆಂಗ್ಸು ಅದೇ ಊರೋಳು, ಶುಕ್ರವಾರ ಹೋಯ್ತಾಳೆ, ಎಲ್ಲಾ ಅಮ್ಮನ ಮಡಿಲಿಗೆ ಹಾಕ್ತಾಳೆ." ಆಮೇಲೆ ಬುರ್ಖಾದ ಒಳಗಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. "ನನ್ ಮಂಡಿ ನೋವಿಗೆ ಹಚ್ಕೊ ಅಂತ ಅವ್ಳೇ ತಂದ್ಕೊಟ್ಟಿದ್ದ ಕುಂಕುಮ. ಇವತ್ತಿನ್ ಪ್ರಸಾದಕ್ಕೆ ಇದಾಯ್ತದೆ. ಸುಳ್ಳು ಹೇಳೋರು ನೀವು, ಪ್ರಸಾದ ಹೊರೋಳು ನಾನು!"

ಮಾದೇಶ ಕೂತ. ಡಾಕ್ಟರನ್ನು ಕಂಡ. ಮಾತ್ರೆಯ ಚೀಟಿಯನ್ನು ತಾನೇ ಹಿಡಿದುಕೊಂಡು ಹೋಗಿ ಮಾತ್ರೆ ತಂದ.

ಆ ಸಂಜೆ ಅಮ್ಮನಿಗೆ ನಂಬಿಕೆ ಬರಲಿಲ್ಲ. ಎದುರಿಗೆ ಖಾಲಾ ಎಷ್ಟೇ ಒಳ್ಳೆಯ ಮಾತನಾಡಲಿ, ಬಾಯಿ ಯಾರದು? ನಾವು ಅಂಗಡಿಯ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆವು. ಖಾಲಾ ಜಗಲಿಗೆ ಬಂದರು, ಹೆಂಗಸರು ಸೇರಿದರು. ಡಾಕ್ಟರ ಹೊಸ ಕನ್ನಡಕ, ತಮ್ಮ ಮಾತ್ರೆ ಒಂದು ಕಡಿಮೆಯಾದದ್ದು, ತವರಲ್ಲಿ ತಿಂದ ಬಿರಿಯಾನಿಯಲ್ಲಿ ಉಪ್ಪು ಹೆಚ್ಚಾದದ್ದು, ಎಲ್ಲ ಬಂತು. "ಸಾಲಲ್ಲಿ ನಮ್ಮೂರೋರು ಯಾರಿದ್ರು ಖಾಲಾ?" ಎಂದು ಗೌರಮ್ಮ ಕೇಳಿದರು. "ಅಲ್ಲಿ ಕೂತಾಗ ನನ್ ಕಣ್ಣಿಗೆ ನಾನೊಬ್ಳೇ ಕಾಣೋದು ಕಣವ್ವ" ಎಂದು ಖಾಲಾ ಮಾತ್ರೆ ನುಂಗಿದರು.

ಮರುದಿನ ಅಮ್ಮ ಒಂದು ಬಟ್ಟಲು ಪಾಯಸ ಹಿಡಿದುಕೊಂಡು ಹೋಗಿ, ಯಾಕೆ ಹೇಳಲಿಲ್ಲ ಎಂದು ಕೇಳಿದರು. ಖಾಲಾಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ನನ್ ಕಾಯ್ಲೆ ನಂದು, ಹೇಳ್ಕೊಂಡ್ ತಿರುಗ್ತೀನಿ. ಅವ್ನದು ಅವ್ನು ಹೇಳ್ಬೇಕು. ಫ್ರಿಜ್ ತಗೊಂಡಿದ್ದು ಯಾರ್ ಬೇಕಾದ್ರೂ ಹೇಳ್ಬೋದು, ಇದನ್ನ ಹೇಳಕ್ಕಾಯ್ತದಾ?" ಎಂದು, ಆಮೇಲೆ ಪಾಯಸ ಬಾಯಿಗಿಟ್ಟುಕೊಂಡು, "ಆದ್ರೆ ಹೇಳ್ದೇ ಇರಕ್ಕೆ ಹೊಟ್ಟೆ ಉಬ್ಬರಿಸ್ತೈತೆ ಕಣವ್ವಾ, ಅದಂತೂ ನಿಜ" ಎಂದರು.

ಆ ಹೊಟ್ಟೆ ಉಬ್ಬರವನ್ನು ಅವರು ಬಹಳ ಕಾಲ ಸಹಿಸಿದರು. ಮಾದೇಶ ಮತ್ತೆ ಅಂಗಡಿಯಲ್ಲಿ ಕೂರತೊಡಗಿದಾಗ ಖಾಲಾ ಏನಾದರೊಂದು ನೆಪ ಮಾಡಿಕೊಂಡು ಬರುತ್ತಿದ್ದರು. ಒಂದು ಸೋಪು, ಒಂದು ಬೆಂಕಿಪೊಟ್ಟಣ. ಯಾರೂ ಇಲ್ಲದ್ದು ನೋಡಿ, ಬಗ್ಗಿ, ಪಿಸುದನಿಯಲ್ಲಿ, "ಬೇಟಾ, ಹೇಳ್ಲಾ?" ಎನ್ನುತ್ತಿದ್ದರು. "ಬ್ಯಾಡ ಖಾಲಾ" ಎನ್ನುತ್ತಿದ್ದ ಅವನು. "ಸರಿ, ಬ್ಯಾಡ ಬುಡು" ಎಂದು ನಿಟ್ಟುಸಿರು ಬಿಟ್ಟು ಸೋಪು ತೆಗೆದುಕೊಂಡು ಹೋಗುತ್ತಿದ್ದರು. ಮೊದಮೊದಲು ಅವನು ಹೆದರಿಕೊಂಡು ಬೇಡವೆನ್ನುತ್ತಿದ್ದ. ಬರಬರುತ್ತಾ ನಗುತ್ತಾ ಬೇಡವೆನ್ನತೊಡಗಿದ. ಕೊನೆಕೊನೆಗೆ ಅವರು ಬೀದಿ ದಾಟುವುದನ್ನು ಕಂಡರೆ ಸಾಕು, ಬಾಯಿ ತೆರೆಯುವ ಮುಂಚೆಯೇ ಇವನ ತಲೆ ಅಡ್ಡಡ್ಡ ಆಡುತ್ತಿತ್ತು. ಬೀದಿಯೆಲ್ಲ ತನ್ನ ಬಗ್ಗೆ ಮಾತನಾಡುತ್ತಿದೆ ಎಂದು ಕಿಟಕಿ ಮುಚ್ಚಿಕೊಂಡಿದ್ದ ಹುಡುಗನಿಗೆ, ಬೀದಿಯ ದೊಡ್ಡ ಬಾಯಿಯೇ ಹೀಗೆ ದಿನಾ ಬಂದು ಅಪ್ಪಣೆ ಕೇಳುತ್ತಿತ್ತು. ಅವನ ಬೆನ್ನು ನೆಟ್ಟಗಾದದ್ದರಲ್ಲಿ ಮಾತ್ರೆಯ ಪಾಲು ದೊಡ್ಡದು, ಒಪ್ಪುತ್ತೇನೆ. ಈ ಸೋಪು, ಬೆಂಕಿಪೊಟ್ಟಣಗಳ ಪಾಲೂ ಇತ್ತೆಂದೇ ನನ್ನ ನಂಬಿಕೆ.

ಅತ್ತ ನಮ್ಮ ಸುಳ್ಳು ಕೂಡ ಹುಲುಸಾಗಿ ಬೆಳೆಯುತ್ತಿತ್ತು. ಬೀದಿಯ ಕಾಯಿಗಳು ಪ್ರತಿ ತಿಂಗಳೂ ಖಾಲಾ ಶೆಡ್ಡಿನ ಮೂಲಕ ಕಬ್ಬಾಳಿಗೆ ತಪ್ಪದೆ ಸಲ್ಲುತ್ತಿದ್ದವು, ಕುಂಕುಮ ಅದೇ ದಾರಿಯಲ್ಲಿ ಮರಳುತ್ತಿತ್ತು. ಕಂಗೆಟ್ಟು ಒಳಗೆ ಸೇರಿದ್ದ ಹುಡುಗ ಈಗ ತಕ್ಕಡಿ ಹಿಡಿದು ನಗುನಗುತ್ತಾ ಬೇಳೆ ತೂಗುತ್ತಿದ್ದ. ಎಲ್ಲ ಕಬ್ಬಾಳಮ್ಮನ ಮಹಿಮೆ ಎಂದಿತು ಬೀದಿ. ನಮ್ಮಮ್ಮನ ಭಕ್ತಿಯನ್ನು ಹೊಗಳಿತು. ಅಮ್ಮ ಪಾಪ, ಹೊಗಳಿಕೆ ಬಂದಾಗಲೆಲ್ಲ ಮೆಣಸಿನಕಾಯಿ ಕಚ್ಚಿದವರಂತೆ ಮುಖ ಮಾಡುತ್ತಿದ್ದರು.

ಗೌರಮ್ಮನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ಚೆನ್ನಾಗಿತ್ತು, ತಾಯಿ ಚೆನ್ನಾಗಿರಲಿಲ್ಲ. ನಿದ್ದೆಯಿಲ್ಲ, ಕೂಸನ್ನು ಎತ್ತಿಕೊಳ್ಳುವುದಿಲ್ಲ, ಅದು ತನ್ನದೇ ಅಲ್ಲ ಎನ್ನುತ್ತಾಳೆ, ಗೋಡೆ ನೋಡುತ್ತಾ ಗಂಟೆಗಟ್ಟಲೆ ಕೂರುತ್ತಾಳೆ. ಗೌರಮ್ಮ ಒಂದು ಬೆಳಿಗ್ಗೆ ನಮ್ಮ ಅಂಗಡಿಗೆ ಬಂದರು. ಸಾಮಾನು ತೆಗೆದುಕೊಳ್ಳಲಿಲ್ಲ, ಅಮ್ಮನನ್ನು ಕರೆದರು. ಕಣ್ಣು ಬಾತಿದ್ದವು.

"ಅಕ್ಕಾ, ನೀವೇನ್ ಹರಕೆ ಕಟ್ಕಂಡಿದ್ರಿ ಅಂತ ಒಸಿ ಹೇಳ್ಬುಡಿ. ಮಾದೇಶನ್ನ ಕಬ್ಬಾಳಮ್ಮ ಉಳ್ಸಿದ್ಲಲ್ಲ, ಹಂಗೇ ನಮ್ ಮಗ್ಳನ್ನೂ ಉಳ್ಸ್ಲಿ. ಅವ್ಳ ಗಂಡನ್ ಮನೆಯೋರು ಹುಚ್ಚು ಅಂತವ್ರೆ. ಅವ್ಳನ್ನ ಕರ್ಕಂಡೋಗಿ ಕಬ್ಬಾಳಲ್ಲೇ ಇಟ್ಕಂಡಿರ್ತೀನಿ, ವಾಸಿಯಾಗೋಗಂಟ ಬರಲ್ಲ."

ಅಮ್ಮ ನನ್ನ ಕಡೆ ನೋಡಿದರು. ನಾನು ಶಾಲೆಗೆ ಹೊರಟವಳು ಬ್ಯಾಗು ಹಿಡಿದು ಹೊಸ್ತಿಲಲ್ಲೇ ನಿಂತೆ. ಖಾಲಾ ಅಲ್ಲೇ ಇದ್ದರು, ಕೈಯಲ್ಲಿ ಒಂದು ಸೋಪು. ಅವರಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗೌರಮ್ಮನಿಗೆ ತಮ್ಮ ಕಥೆಯನ್ನಂತೂ ಹೇಳಿದರು, "ನನ್ನ ನೋಡು ಗೌರಾ, ಡಾಕ್ಟ್ರಿಗೆ ತೋರ್ಸು" ಎಂದರು. "ನಿಮ್ದು ಬೇರೆ ಖಾಲಾ. ಮಾದೇಶ ಡಾಕ್ಟ್ರಿಲ್ದೇನೇ ವಾಸಿಯಾಗ್ಲಿಲ್ವಾ?" ಎಂದುಬಿಟ್ಟರು ಗೌರಮ್ಮ. ಖಾಲಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಅಟ್ಟದ ಕಡೆ ನೋಡತೊಡಗಿದರು. ಮುಖ ಕೆಂಪಾಗಿತ್ತು. ಮಾದೇಶನ ಕಡೆ ಮಾತ್ರ ತಿರುಗಲಿಲ್ಲ. ತಿರುಗಿದರೆ ಒತ್ತಾಯ ಮಾಡಿದಂತಾಗುತ್ತದೆಂದು ಇರಬೇಕು.

ಮಾದೇಶ ತೂಗುತ್ತಿದ್ದ ಕಡಲೆಬೇಳೆಯನ್ನು ಹಾಗೇ ತಕ್ಕಡಿಯಲ್ಲಿ ಬಿಟ್ಟ.

"ಗೌರತ್ತೆ, ನಾನು ಕಬ್ಬಾಳಿಗೆ ಹೋಗಿದ್ದು ಕಾಯಿ ಒಡೆಯಕ್ಕೆ. ವಾಸಿಯಾಗಿದ್ದು ಚನ್ನಪಟ್ಟಣದ ಆಸ್ಪತ್ರೇಲಿ. ಈಗ್ಲೂ ಮಾತ್ರೆ ತಗೋತಾ ಇದೀನಿ."

ಗೌರಮ್ಮ ಅಮ್ಮನನ್ನು ನೋಡಿದರು. ಅಮ್ಮ ತಲೆಯಾಡಿಸಿದರು. ಮಾದೇಶ ನಿಲ್ಲಿಸಲಿಲ್ಲ. "ಕಿವೀಲಿ ಮಾತು ಕೇಳಿಸ್ತಿತ್ತು ಗೌರತ್ತೆ. ನೀವೆಲ್ಲ ನನ್ ಬಗ್ಗೆ ಮಾತಾಡ್ತಿದೀರ ಅಂತ ಕಿಟ್ಕಿಗೆ ರಟ್ಟು ಹೊಡ್ದಿದ್ದೆ. ನಿಮ್ ಮಗ್ಳ ಕಾಯ್ಲೆ ಬೇರೆ ಇರ್ಬೋದು, ನಂಗೆ ಗೊತ್ತಿಲ್ಲ. ಆದ್ರೆ ತಡ ಮಾಡ್ಬ್ಯಾಡಿ. ಇವತ್ತೇ ರಾಮನಗರದ ಆಸ್ಪತ್ರೆಗೆ ಹೋಗನ. ಮಂಗಳವಾರಗಂಟ ಕಾಯದು ಬ್ಯಾಡ. ನಾನೂ ಬತ್ತೀನಿ."

ಖಾಲಾ ದುಪಟ್ಟಾವನ್ನು ಬಾಯಿಂದ ತೆಗೆದರು. ಕಣ್ಣಲ್ಲಿ ನೀರು ಧಾರಾಕಾರ. ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ, ಇಷ್ಟು ದಿನ ಪಿಸುದನಿಯಲ್ಲಿ ಕೇಳುತ್ತಿದ್ದುದನ್ನು ಅವತ್ತು ಎಲ್ಲರೆದುರಿಗೆ ಕೇಳಿದರು.

"ಬೇಟಾ, ಈಗ ಹೇಳ್ಲಾ?"

"ಹೇಳಿ ಖಾಲಾ. ಬೀದಿಗೆಲ್ಲಾ ಹೇಳಿ."

ನಮ್ಮಪ್ಪ ಕೊನೆಯವರೆಗೂ ಹೇಳುತ್ತಿದ್ದರು, ಅಷ್ಟು ವಯಸ್ಸಾದ ಹೆಂಗಸು ಅಷ್ಟು ಬೇಗ ನಡೆದದ್ದನ್ನು ತಾವು ನೋಡಿಯೇ ಇಲ್ಲವೆಂದು. ಸೋಪನ್ನು ಅಲ್ಲೇ ಬಿಟ್ಟು ಹೊರಟವರು ನೇರವಾಗಿ ಆಟೋ ಕರೆದು ನಿಲ್ಲಿಸಿದರು. ಗೌರಮ್ಮ, ಮಗಳು, ಕೂಸು, ಮಾದೇಶ ಹತ್ತಿ ಹೋಗುವುದನ್ನು ನೋಡಿಕೊಂಡರು. ಆಮೇಲೆ ಆ ತುದಿಯ ಮನೆಯಿಂದ ಶುರು ಮಾಡಿದರು. ನಾನು ಬಸ್ಸಿಗೆ ನಡೆಯುತ್ತಿದ್ದರೆ ಪ್ರತಿ ಬಾಗಿಲಲ್ಲೂ ಅವರದೇ ದನಿ. ಸಂಜೆ ನಾನು ಮರಳಿದಾಗ ಬೀದಿಯವರು ಒಬ್ಬೊಬ್ಬರಾಗಿ ಅಂಗಡಿಗೆ ಬಂದು ಏನೋ ಒಂದನ್ನು ಕೊಂಡು, ಮಾದೇಶನ ಮುಖ ನೋಡಿ ಹೋಗುತ್ತಿದ್ದರು. ಮೂಲೆಮನೆಯವರು ಮಾತ್ರ ಕೆಲವು ದಿನ ಬೇರೆ ಅಂಗಡಿಗೆ ಹೋದರು. ಅವರ ಮೇಲೆ ಖಾಲಾ ಏನು ಪ್ರಯೋಗ ಮಾಡಿದರೋ ಗೊತ್ತಿಲ್ಲ, ಅವರೂ ವಾಪಸ್ಸು ಬಂದರು.

ಗೌರಮ್ಮನ ಮಗಳು ಚೇತರಿಸಿಕೊಂಡಳು. ಕೂಸು ತನ್ನದೇ ಎಂದು ಅವಳಿಗೆ ಅನ್ನಿಸಿದ ದಿನ ಅದನ್ನು ಎತ್ತಿಕೊಂಡು ಬೀದಿಯ ಎಲ್ಲ ಮನೆಗೂ ಬಂದಳು. ಆಮೇಲೆ ಒಂದು ಮಂಗಳವಾರ ಅಮ್ಮ ಹಟ ಹಿಡಿದು ಎಲ್ಲರನ್ನೂ ಕಬ್ಬಾಳಿಗೆ ಹೊರಡಿಸಿದರು. "ಆ ದೇವಿ ಹೆಸ್ರು ಹೇಳಿ ಎಷ್ಟ್ ಸುಳ್ಳು ಹೇಳಿದೀನಿ, ಒಂದ್ಸಲ ನೆಪ ಇಲ್ದೆ ಹೋಗ್ಬುಟ್ಟು ಬರನ" ಎಂದರು. ಖಾಲಾನೂ ಬಂದಿದ್ದರು, ಶೆಡ್ಡಿನ ಹೆಂಗಸಿನ ಮನೆಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡರು. ಆ ಊರಿನವರಿಗೂ ತಮ್ಮ ಕಥೆ ಹೇಳಿದರು. ಮಾದೇಶನದನ್ನೂ ಹೇಳಬಹುದೇ ಎಂದು ಅಲ್ಲಿಯೂ ಅವನನ್ನು ಇನ್ನೊಮ್ಮೆ ಕೇಳಿಯೇ ಹೇಳಿದರು.

ಇದನ್ನು ಬರೆಯಲು ಕೂರುವ ಮುಂಚೆ ನಾನೂ ಅಂಗಡಿಗೆ ಹೋಗಿ ತಮ್ಮನನ್ನು ಕೇಳಿದೆ. ಅವನು ಬೇಳೆ ತೂಗುತ್ತಲೇ, "ಬರಿ ಅಕ್ಕಾ. ಖಾಲಾ ಹೇಳ್ದಷ್ಟು ಚೆನ್ನಾಗಿ ಬರ್ಯಕ್ಕಾಯ್ತದಾ ನೋಡು" ಎಂದ. ಆಗಿಲ್ಲ, ಗೊತ್ತು.

ಖಾಲಾ ಹೋದ ಮೇಲೆ ಅವರ ಜಗಲಿ ಖಾಲಿ ಹೊಡೆಯುತ್ತಿತ್ತು. ಬೀದಿಯಲ್ಲಿ ಅಡಿಗೆ ಹೊತ್ತುಹೊತ್ತಿಗೆ ಆಗುತ್ತಿರಲಿಲ್ಲ. ಒಂದು ಸಂಜೆ ಆಜಾನ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ನಾನು ಮನೆಯೊಳಗೆ ಮಕ್ಕಳ ಪೇಪರ್ ತಿದ್ದುತ್ತಿದ್ದೆ, ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ಮಾದೇಶ ಊಟ ಮುಗಿಸಿ ಸ್ಟೀಲ್ ಲೋಟ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿಗೆ ಹೋದ. ಗಂಟಲು ಸರಿ ಮಾಡಿಕೊಂಡ. ಮಾತ್ರೆಯನ್ನು ಎರಡು ಬೆರಳಲ್ಲಿ ಹಿಡಿದು ಬೀದಿ ದೀಪದ ಬೆಳಕಿಗೆ ತೋರಿಸಿದ.

"ಮಾತ್ರೆ ಟೈಮಾಯ್ತು ಕಣ್ರವ್ವಾ!"

ಎದುರು ಮನೆಯಿಂದ ಗೌರಮ್ಮನ ದನಿ ಬಂತು, "ಅಯ್ಯೋ ಶಿವನೇ, ನಾನಿನ್ನೂ ಅಕ್ಕಿ ತೊಳ್ದಿಲ್ಲ!"